ಸುಟ್ಟಗಾಯದ ಆಪರೇಷನ್ ಆದಮೇಲೆ ಫಿಟ್ಸ್ ಮಾತ್ರೆ: ಯಾಕೆ, ಎಷ್ಟು, ಎಲ್ಲಿಯವರೆಗೆ

ಸುಟ್ಟಗಾಯಕ್ಕೆ ಚರ್ಮ ಕಸಿ ಮಾಡಿಸಿಕೊಂಡು ಊರಿಗೆ ಬಂದವರ ಡಿಸ್ಚಾರ್ಜ್ ಚೀಟಿಯಲ್ಲಿ ಗ್ಯಾಬಾಪೆಂಟಿನ್ ಅಂತಲೋ ಪ್ರಿಗ್ಯಾಬಲಿನ್ ಅಂತಲೋ ಬರೆದಿರುತ್ತದೆ. ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಹುಡುಕಿದರೆ 'ಫಿಟ್ಸ್‌ಗೆ ಕೊಡುವ ಔಷಧಿ' ಎಂದು ಬರುತ್ತದೆ. ಅಲ್ಲಿಗೆ ಕೆಲವರು 'ನಮ್ಮವರಿಗೆ ಫಿಟ್ಸ್ ಇಲ್ಲವಲ್ಲ' ಎಂದು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಇದೂ ಒಂದು ನೋವಿನ ಮಾತ್ರೆ ಎಂದುಕೊಂಡು, ನೋವು ಬಂದಾಗ ಒಂದು, ಜಾಸ್ತಿಯಾದಾಗ ಎರಡು ನುಂಗುತ್ತಾರೆ. ಎರಡೂ ತಪ್ಪೇ. ಎರಡನೆಯದು ಅಪಾಯವೂ ಹೌದು.

ಈ ಮಾತ್ರೆ ನರದ ನೋವಿಗೆ ಮತ್ತು ಗಾಯ ಮಾಗುವಾಗಿನ ತುರಿಕೆಗೆ. ದಿನವೂ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ನಿಧಾನವಾಗಿ ಹಿಡಿತಕ್ಕೆ ಬರುತ್ತದೆ. ಡ್ರೆಸಿಂಗ್ ಬಿಚ್ಚುವಾಗಿನ ಪ್ರಾಣ ಹೋಗುವಂಥ ನೋವಿಗೆ ಇದು ಮದ್ದಲ್ಲ. ಇಷ್ಟು ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಉಳಿದರ್ಧ ಡೋಸು, ಕಿಡ್ನಿ, ಜೊತೆಗಿರುವ ಬೇರೆ ಮಾತ್ರೆಗಳು ಮತ್ತು ನಿಲ್ಲಿಸುವ ಕ್ರಮಕ್ಕೆ ಸಂಬಂಧಿಸಿದ್ದು.

ನಮ್ಮ ಮಲೆನಾಡಿನ ಕಡೆ ಸುಟ್ಟಗಾಯಗಳು ಹೇಗೆ ಆಗುತ್ತವೆ ಎಂಬುದರಿಂದಲೇ ಶುರುಮಾಡಬೇಕು, ಏಕೆಂದರೆ ಗಾಯದ ಬಗೆಯ ಮೇಲೆ ನೋವಿನ ಬಗೆ ನಿಂತಿದೆ. ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಹಂಡೆಯಿಂದ ಕುದಿಯುವ ಚೊಗರು ಕಾಲಮೇಲೆ ಚೆಲ್ಲುತ್ತದೆ. ಬಚ್ಚಲ ಹಂಡೆಯ ನೀರು ಮಕ್ಕಳ ಮೈಮೇಲೆ ಬೀಳುತ್ತದೆ. ಆಲೆಮನೆಯ ಕೊಪ್ಪರಿಗೆಯ ಪಾಕ ಸಿಡಿದರೆ ನೀರಿನ ಹಾಗೆ ಹರಿದುಹೋಗದೆ ಚರ್ಮಕ್ಕೆ ಅಂಟಿ ಶಾಖ ಬಿಡುತ್ತಲೇ ಇರುತ್ತದೆ, ಗಾಯ ಆಳಕ್ಕಿಳಿಯುತ್ತದೆ. ಅಡಿಕೆ ಕೊನೆ ಕೊಯ್ಯುವಾಗ ಅಥವಾ ಮರಕ್ಕೆ ಔಷಧಿ ಹೊಡೆಯುವಾಗ ಉದ್ದನೆಯ ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಹೊರಗೆ ಅಂಗೈಯಷ್ಟು ಗಾಯ ಕಂಡರೂ ಕರೆಂಟು ಒಳಗೆ ನರ, ರಕ್ತನಾಳ, ಸ್ನಾಯುಗಳನ್ನು ಸುಟ್ಟಿರುತ್ತದೆ. ಹೀಗೆ ಕರೆಂಟಿನಿಂದ ಸುಟ್ಟವರಲ್ಲಿ ಮತ್ತು ಆಳದ ಗಾಯವಾದವರಲ್ಲಿ ನರದ ನೋವು ಬರುವ ಸಾಧ್ಯತೆ ಹೆಚ್ಚು.

ಕಸಿ ಆಪರೇಷನ್ ಆದಮೇಲೆ ಮೈಯಲ್ಲಿ ಎರಡು ಗಾಯ ಇರುತ್ತವೆ. ಒಂದು ಸುಟ್ಟ ಜಾಗ, ಇನ್ನೊಂದು ಚರ್ಮ ತೆಗೆದ ಜಾಗ, ಸಾಮಾನ್ಯವಾಗಿ ತೊಡೆ. ತೊಡೆಯಿಂದ ತೆಗೆಯುವ ಪದರ ಬರೀ 0.2ರಿಂದ 0.4 ಮಿ.ಮೀ. ದಪ್ಪ. ಹಾಗಿದ್ದೂ ಮೊದಲ ವಾರದಲ್ಲಿ ಹೆಚ್ಚು ನೋಯುವುದು ತೊಡೆಯೇ. 'ಸುಟ್ಟಿದ್ದು ಕೈ, ನೋವು ತೊಡೆಯಲ್ಲಿ, ಏನೋ ಎಡವಟ್ಟಾಗಿದೆ' ಎಂದು ಮನೆಯವರು ಹೆದರುತ್ತಾರೆ. ಎಡವಟ್ಟೇನೂ ಅಲ್ಲ. ಅಲ್ಲಿ ಒಳಚರ್ಮದ ಜೀವಂತ ನರದ ತುದಿಗಳು ತೆರೆದುಕೊಂಡಿವೆ. ಸುಮಾರು 10ರಿಂದ 14 ದಿನಗಳಲ್ಲಿ ಅಲ್ಲಿ ಹೊಸ ಚರ್ಮ ಮುಚ್ಚಿಕೊಳ್ಳುತ್ತದೆ, ನೋವು ತಾನಾಗಿ ಇಳಿಯುತ್ತದೆ. ಈ ನೋವಿಗೆ ಬೇಕಾದ್ದು ಹೊತ್ತಿಗೆ ಸರಿಯಾದ ಪ್ಯಾರಾಸಿಟಮಾಲ್, ಮೊದಲ ದಿನಗಳಲ್ಲಿ ಅಗತ್ಯವಿದ್ದರೆ ಮಾರ್ಫಿನ್ ಅಥವಾ ಟ್ರಾಮಡಾಲ್, ಮತ್ತು ಆಪರೇಷನ್ ಟೇಬಲ್ಲಿನಲ್ಲೇ ತೊಡೆಯ ಹೊರಭಾಗದ ನರಕ್ಕೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರು ನೋಡಲು ಬಂದಾಗ 'ತೊಡೆಗೆ ಬ್ಲಾಕ್ ಕೊಡಲು ಆಗುತ್ತದಾ' ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನರದ ನೋವು ಬೇರೆ ಜಾತಿಯದು. ಆಳವಾಗಿ ಸುಟ್ಟಲ್ಲಿ ನರದ ತುದಿಗಳೂ ಸುಟ್ಟಿರುತ್ತವೆ, ಹಾಗಾಗಿ ಮೊದಮೊದಲು ಅಲ್ಲಿ ಸ್ಪರ್ಶವೇ ಇರುವುದಿಲ್ಲ. ವಾರಗಳು ಕಳೆದಂತೆ ನರಗಳು ಮತ್ತೆ ಚಿಗುರುತ್ತವೆ, ಅಡ್ಡಾದಿಡ್ಡಿ ಬೆಳೆಯುತ್ತವೆ, ಕಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಕಾರಣವಿಲ್ಲದೆ ಕರೆಂಟ್ ಹೊಡೆದಂತಾಗುತ್ತದೆ, ಮೆಣಸಿನಪುಡಿ ಹಚ್ಚಿದಂತೆ ಉರಿಯುತ್ತದೆ, ಜುಮುಗುಟ್ಟುತ್ತದೆ, ಹೊದಿಕೆ ತಗುಲಿದರೂ ಕಿರುಚುವಂತಾಗುತ್ತದೆ. ಗಾಯ ಪೂರ್ತಿ ಮಾಗಿದಮೇಲೂ ಈ ನೋವು ಮುಂದುವರಿಯಬಹುದು. ಇದನ್ನು ಗುರುತಿಸಲು ಡಿಎನ್4 ಎಂಬ ಸರಳ ಪ್ರಶ್ನಾವಳಿ ಇದೆ. ಒಟ್ಟು 10 ಅಂಶ: ಏಳನ್ನು ರೋಗಿಯನ್ನು ಕೇಳಿ ತಿಳಿಯುವುದು, ಮೂರನ್ನು ಮುಟ್ಟಿ, ಚುಚ್ಚಿ, ಬ್ರಷ್‌ನಿಂದ ಸವರಿ ನೋಡುವುದು. ನಾಲ್ಕು ಅಥವಾ ಹೆಚ್ಚು ಅಂಶಕ್ಕೆ ಹೌದು ಎಂದರೆ ನರದ ನೋವು ಎಂದು ಅನುಮಾನಿಸಬೇಕು. ಎರಡೇ ನಿಮಿಷದ ಕೆಲಸ. ಇದನ್ನು ಮಾಡದೆ ಸುಟ್ಟಗಾಯದವರಿಗೆಲ್ಲ ಒಂದೇ ಚೀಟಿ ಬರೆಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಔಷಧಿ ಮಾಡುವ ಕೆಲಸ. ಗ್ಯಾಬಾಪೆಂಟಿನ್ ಅಮೆರಿಕದಲ್ಲಿ 1993ರಲ್ಲಿ ಫಿಟ್ಸ್‌ಗೆಂದೇ ಅನುಮತಿ ಪಡೆದದ್ದು. 2002ರಲ್ಲಿ ಸರ್ಪಸುತ್ತಿನ ನಂತರ ಉಳಿಯುವ ನರದ ನೋವಿಗೂ ಅನುಮತಿ ಸಿಕ್ಕಿತು. ಪ್ರಿಗ್ಯಾಬಲಿನ್ ಬಂದದ್ದು 2004ರಲ್ಲಿ. ಗ್ಯಾಬಾ ಎಂಬುದು ಮೆದುಳನ್ನು ಶಾಂತಗೊಳಿಸುವ ರಾಸಾಯನಿಕ. ಹೆಸರಿನಲ್ಲಿ ಗ್ಯಾಬಾ ಇದ್ದರೂ ಇವು ಅದು ಅಂಟಿಕೊಳ್ಳುವ ಜಾಗಗಳ (ಗ್ರಾಹಕಗಳ) ಮೇಲೆ ಕೆಲಸ ಮಾಡುವುದಿಲ್ಲ. ನರಕೋಶದ ಕ್ಯಾಲ್ಸಿಯಂ ಬಾಗಿಲುಗಳಲ್ಲಿ ಆಲ್ಫಾ-2-ಡೆಲ್ಟಾ ಎಂಬ ಭಾಗವಿದೆ. ನರಕ್ಕೆ ಪೆಟ್ಟಾದಾಗ ಬೆನ್ನುಹುರಿಯ ಹತ್ತಿರ ಈ ಭಾಗದ ಪ್ರಮಾಣ ಏರುತ್ತದೆ, ಒಳಗೆ ಹೆಚ್ಚು ಕ್ಯಾಲ್ಸಿಯಂ ನುಗ್ಗುತ್ತದೆ, ನೋವಿನ ಸಂದೇಶ ಸಾಗಿಸುವ ಗ್ಲುಟಮೇಟ್‌ನಂಥ ರಾಸಾಯನಿಕಗಳು ಹೆಚ್ಚು ಬಿಡುಗಡೆಯಾಗುತ್ತವೆ. ಮಾತ್ರೆ ಈ ಭಾಗವನ್ನೇ ಹಿಡಿದು ಬಿಡುಗಡೆಯನ್ನು ತಗ್ಗಿಸುತ್ತದೆ. ಫಿಟ್ಸ್‌ನಲ್ಲೂ ನರದ ನೋವಿನಲ್ಲೂ ನರಕೋಶಗಳು ಅತಿಯಾಗಿ ಉದ್ರೇಕಗೊಂಡಿರುತ್ತವೆ, ಆದ್ದರಿಂದ ಒಂದೇ ಮದ್ದು ಎರಡಕ್ಕೂ ಹೊಂದುತ್ತದೆ. ಹೊಸ ಗಾಯದ ಸಾದಾ ನೋವಿನಲ್ಲಿ ಈ ಏರಿಕೆಯ ಪಾತ್ರ ಅಷ್ಟಿಲ್ಲ.

ಇದಕ್ಕೆ ಪುರಾವೆಯೂ ಇದೆ. ಒಂದು ಕಾಲದಲ್ಲಿ ಯಾವುದೇ ಆಪರೇಷನ್‌ಗೆ ಮುನ್ನ 600ರಿಂದ 1200 ಮಿ.ಗ್ರಾಂ. ಗ್ಯಾಬಾಪೆಂಟಿನ್ ಕೊಡುವ ಪದ್ಧತಿ ಜೋರಾಗಿತ್ತು. 2020ರಲ್ಲಿ 281 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ, ಆಪರೇಷನ್ ನಂತರದ ನೋವಿನಲ್ಲಿ ರೋಗಿಗೆ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಸಿಗಲಿಲ್ಲ, ತಲೆಸುತ್ತು ಮತ್ತು ಕಣ್ಣು ಮಂಜಾಗುವುದು ಮಾತ್ರ ಹೆಚ್ಚಾಗಿತ್ತು. ಸುಟ್ಟಗಾಯದವರ ಮೇಲಿನ ಅಧ್ಯಯನಗಳು ಚಿಕ್ಕವು, ಒಂದಕ್ಕೊಂದು ಹೊಂದುವುದಿಲ್ಲ. ಕೆಲವದರಲ್ಲಿ ಮಾರ್ಫಿನ್ ಪ್ರಮಾಣ ಕಡಿಮೆಯಾಗಿದೆ, ಕೆಲವದರಲ್ಲಿ ಏನೂ ಪ್ರಯೋಜನ ಕಂಡಿಲ್ಲ. ನರದ ನೋವಿನಲ್ಲೂ ಪವಾಡವೇನಿಲ್ಲ: ಏಳೆಂಟು ಮಂದಿಗೆ ಕೊಟ್ಟರೆ ಒಬ್ಬರಿಗೆ ಔಷಧಿಯಿಂದಾಗಿಯೇ ನೋವು ಅರ್ಧಕ್ಕಿಳಿಯುತ್ತದೆ. ತುರಿಕೆಯಲ್ಲಿ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ. ಆದ್ದರಿಂದ ಮೊದಲ ದಿನದಿಂದಲೇ ಎಲ್ಲರಿಗೂ ಕೊಡುವುದಕ್ಕಿಂತ, ಉರಿ, ಕರೆಂಟಿನಂಥ ಹೊಡೆತ, ಮುಟ್ಟಿದರೆ ನೋವು, ನಿದ್ದೆಗೆಡಿಸುವ ತುರಿಕೆ ಇದ್ದವರಿಗೆ ಕೊಡುವುದು ಮೇಲು.

ವಯಸ್ಕರಿಗೆ, ಕಿಡ್ನಿ ಸರಿಯಿದ್ದರೆ, ಗ್ಯಾಬಾಪೆಂಟಿನ್ ಏರಿಸುವ ಸಾಮಾನ್ಯ ಕ್ರಮ ಹೀಗೆ: ಮೊದಲ ದಿನ ರಾತ್ರಿ 300 ಮಿ.ಗ್ರಾಂ., ಎರಡನೇ ದಿನ 300 ಎರಡು ಹೊತ್ತು, ಮೂರನೇ ದಿನದಿಂದ 300 ಮೂರು ಹೊತ್ತು. 60 ದಾಟಿದವರಿಗೆ, ತೆಳ್ಳಗಿರುವವರಿಗೆ 100 ಮಿ.ಗ್ರಾಂ.ನಿಂದ ಶುರುಮಾಡುವುದು ಕ್ಷೇಮ. ಸಾಲದಿದ್ದರೆ ಕೆಲವು ದಿನಕ್ಕೊಮ್ಮೆ ಏರಿಸುತ್ತ ದಿನಕ್ಕೆ 1800ರವರೆಗೆ ಹೋಗುತ್ತಾರೆ. ಗರಿಷ್ಠ ಮಿತಿ 3600 ಎಂದಿದ್ದರೂ ಅಲ್ಲಿಗೆ ಹೋಗುವುದರಿಂದ ಲಾಭ ಕಡಿಮೆ. ಈ ಮದ್ದು ಕರುಳಿನಲ್ಲಿ ಅಮೈನೊ ಆಮ್ಲಗಳನ್ನು ಸಾಗಿಸುವ ದಾರಿಯಲ್ಲೇ ಒಳಗೆ ಹೋಗಬೇಕು, ಆ ದಾರಿಯ ಸಾಮರ್ಥ್ಯಕ್ಕೆ ಮಿತಿಯಿದೆ. ದಿನಕ್ಕೆ 900 ಮಿ.ಗ್ರಾಂ. ಕೊಟ್ಟರೆ ಸುಮಾರು 60 ಶೇಕಡಾ ರಕ್ತ ಸೇರುತ್ತದೆ, 2400 ಕೊಟ್ಟರೆ 34 ಶೇಕಡಾ ಮಾತ್ರ. ರಾತ್ರಿಗೆ ಒಂದೇ ಸಲ 900 ನುಂಗುವುದಕ್ಕಿಂತ ಮೂರು ಹೊತ್ತು 300 ತೆಗೆದುಕೊಂಡರೆ ಹೆಚ್ಚು ಮದ್ದು ದೇಹಕ್ಕೆ ಸಿಗುತ್ತದೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಬೇಕಾದ ಹೊತ್ತು (ಅರ್ಧಾಯುಷ್ಯ) 5ರಿಂದ 7 ತಾಸು, ಹಾಗಾಗಿ ಎರಡು ಹೊತ್ತಿನ ನಡುವೆ 12 ತಾಸಿಗಿಂತ ಹೆಚ್ಚು ಅಂತರ ಬಿಡಬಾರದು. ಬೆಳಿಗ್ಗೆ ತಿಂಡಿಗೆ, ಮಧ್ಯಾಹ್ನ ಮೂರರ ಆಸುಪಾಸು, ರಾತ್ರಿ ಮಲಗುವಾಗ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

ಪ್ರಿಗ್ಯಾಬಲಿನ್‌ಗೆ ಈ ಅಡ್ಡಿಯಿಲ್ಲ, 90 ಶೇಕಡಾಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ. ದಿನಕ್ಕೆ ಎರಡೇ ಹೊತ್ತು ಸಾಕು. 75 ಮಿ.ಗ್ರಾಂ. ರಾತ್ರಿಯಿಂದ ಶುರುಮಾಡಿ ಎರಡು ಹೊತ್ತಿಗೆ ಏರಿಸುವುದು ರೂಢಿ. ಗ್ಯಾಬಾಪೆಂಟಿನ್ 900 ಅಂದರೆ ಹೆಚ್ಚುಕಡಿಮೆ ಪ್ರಿಗ್ಯಾಬಲಿನ್ 150 ಇದ್ದಂತೆ. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಬೇರೆ ಬೇರೆ ಡಾಕ್ಟರ ಎರಡು ಚೀಟಿಗಳಲ್ಲಿ ಒಂದೊಂದು ಬರೆದಿದ್ದರೆ ಮೆಡಿಕಲ್ ಶಾಪಿನವರಿಗೂ ಗೊತ್ತಾಗದೇ ಹೋಗಬಹುದು, ಆದ್ದರಿಂದ ಎರಡು ಚೀಟಿಯನ್ನೂ ಒಟ್ಟಿಗೆ ತೋರಿಸಿ.

ಹೊಟ್ಟೆಯುರಿಗೆಂದು ಡೈಜೀನ್, ಜೆಲುಸಿಲ್ ಕುಡಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅವುಗಳಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಗ್ಯಾಬಾಪೆಂಟಿನ್ ಹೀರಿಕೆಯನ್ನು ಸುಮಾರು ಐದನೇ ಒಂದು ಪಾಲು ಕಡಿಮೆ ಮಾಡುತ್ತವೆ. ಸಿರಪ್ ಕುಡಿದು ಎರಡು ತಾಸಾದಮೇಲೆ ಮಾತ್ರೆ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸುವುದು ಕಿಡ್ನಿಯನ್ನು. ಈ ಎರಡೂ ಮದ್ದುಗಳನ್ನು ಯಕೃತ್ತು ಒಡೆಯುವುದಿಲ್ಲ, ಹೋದ ಹಾಗೇ ಮೂತ್ರದಲ್ಲಿ ಹೊರಬರುತ್ತವೆ. ಕಿಡ್ನಿ ನಿಧಾನವಾದರೆ ಮದ್ದು ಒಳಗೇ ಶೇಖರವಾಗುತ್ತದೆ. ದೊಡ್ಡ ಸುಟ್ಟಗಾಯದಲ್ಲಿ ದ್ರವ ಸೋರಿ ಕಿಡ್ನಿಗೆ ಪೆಟ್ಟು ಬೀಳುವುದು ಸಾಮಾನ್ಯ, ಕರೆಂಟಿನ ಗಾಯದಲ್ಲಿ ಸ್ನಾಯು ಕರಗಿ ಬಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್‌ನಿಂದಲೂ ಕಿಡ್ನಿ ಕೆಡುತ್ತದೆ. ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್‌ನ ಬರೀ ಸಂಖ್ಯೆ ನೋಡಿ 'ನಾರ್ಮಲ್' ಎಂದುಕೊಂಡರೆ ಮೋಸಹೋಗುತ್ತೀರಿ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಎಂಬುದರ ಲೆಕ್ಕ ಹೀಗಿದೆ: 140ರಿಂದ ವಯಸ್ಸನ್ನು ಕಳೆಯಿರಿ, ಬಂದದ್ದನ್ನು ಕೆ.ಜಿ. ತೂಕದಿಂದ ಗುಣಿಸಿ, ಅದನ್ನು 72 ಗುಣಿಸು ಕ್ರಿಯಾಟಿನಿನ್ ಎಷ್ಟಾಗುತ್ತದೋ ಅದರಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಿ. ಉದಾಹರಣೆಗೆ 68 ವರ್ಷದ, 50 ಕೆ.ಜಿ. ತೂಕದ ಅಜ್ಜಿ, ಕ್ರಿಯಾಟಿನಿನ್ 1.2. 140ರಲ್ಲಿ 68 ಹೋದರೆ 72. 72 ಗುಣಿಸು 50 ಅಂದರೆ 3600. 72 ಗುಣಿಸು 1.2 ಅಂದರೆ 86.4. 3600ನ್ನು 86.4ರಿಂದ ಭಾಗಿಸಿದರೆ 41.7, ಮತ್ತೆ 0.85ರಿಂದ ಗುಣಿಸಿದರೆ ಸುಮಾರು 35. ಲ್ಯಾಬ್ ರಿಪೋರ್ಟಿನಲ್ಲಿ ದೊಡ್ಡ ದೋಷವೇನೂ ಕಾಣಲಿಲ್ಲ, ಆದರೆ ಅಜ್ಜಿಯ ಕಿಡ್ನಿ ಸೋಸುವುದು ನಿಮಿಷಕ್ಕೆ 35 ಮಿ.ಲೀ. ಮಾತ್ರ. ಈ ಲೆಕ್ಕ 30ರಿಂದ 59ರ ನಡುವೆ ಇದ್ದರೆ ಗ್ಯಾಬಾಪೆಂಟಿನ್ ದಿನಕ್ಕೆ 400ರಿಂದ 1400, ಎರಡು ಹೊತ್ತಾಗಿ ಹಂಚಿ. 15ರಿಂದ 29 ಇದ್ದರೆ 200ರಿಂದ 700, ಒಂದೇ ಹೊತ್ತು. ಪ್ರಿಗ್ಯಾಬಲಿನ್ ಆದರೆ 30ರಿಂದ 60ಕ್ಕೆ ದಿನಕ್ಕೆ 300 ಮೀರಬಾರದು, 15ರಿಂದ 30ಕ್ಕೆ 150. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಇನ್ನೂ ಕಡಿಮೆ ತೋರಿಸುತ್ತದೆ, ಅಲ್ಲಿ ಈ ಲೆಕ್ಕವೂ ಕಿಡ್ನಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸೀತು. ಅಂಥವರಿಗೆ ಕಡಿಮೆ ಡೋಸಿನಿಂದಲೇ ನಡೆಯಬೇಕು.

ಇನ್ನು ಉಸಿರಾಟ. 2019ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎರಡೂ ಮದ್ದುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು: ಮಾರ್ಫಿನ್ ಗುಂಪಿನ ನೋವುನಿವಾರಕಗಳ ಜೊತೆ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ, ಮುದುಕರಲ್ಲಿ ಉಸಿರಾಟ ಕುಗ್ಗಬಹುದು. ನಮ್ಮಲ್ಲಿ ಸುಟ್ಟಗಾಯದವರ ಚೀಟಿಯಲ್ಲಿ ಟ್ರಾಮಡಾಲ್ ಇರುವುದು ಸಾಮಾನ್ಯ, ಅದೂ ಆ ಗುಂಪಿನದೇ. ಅದರ ಮೇಲೆ ನಿದ್ದೆ ಮಾತ್ರೆ, ತುರಿಕೆಗೆ ನಿದ್ದೆ ಬರಿಸುವ ಅಲರ್ಜಿ ಮಾತ್ರೆ, ಸಂಜೆ ಒಂದಿಷ್ಟು ಸಾರಾಯಿ ಸೇರಿದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಸೌದೆ ಒಲೆಯ ಹೊಗೆ ಕುಡಿದು ದಮ್ಮು ಹಿಡಿದಿರುವ ಅಜ್ಜಿಯರು, ಬೀಡಿ ಸೇದಿ ಎದೆ ಕೆಡಿಸಿಕೊಂಡ ಅಜ್ಜಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಮನೆಯವರು ನೋಡಬೇಕಾದದ್ದು: ಕರೆದರೆ ಕಣ್ಣು ಬಿಟ್ಟು ಸರಿಯಾಗಿ ಉತ್ತರ ಕೊಡುತ್ತಾರಾ, ನಿಮಿಷಕ್ಕೆ ಎಷ್ಟು ಸಲ ಎದೆ ಏರಿಳಿಯುತ್ತದೆ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. 10ಕ್ಕಿಂತ ಕಡಿಮೆಯಿದ್ದರೆ, ಅಲುಗಾಡಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಕರೆಮಾಡಿ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಂಥ ಕಡೆ ಆಂಬ್ಯುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರು, ಕಾಫಿ ಏನನ್ನೂ ಹಾಕಬೇಡಿ. ಮಾರ್ಫಿನ್ ಇಳಿಸುವ ನಲಾಕ್ಸೋನ್ ಇಂಜೆಕ್ಷನ್ ಗ್ಯಾಬಾಪೆಂಟಿನ್ ಅನ್ನು ಇಳಿಸುವುದಿಲ್ಲ, ಆದ್ದರಿಂದ ಯಾವ ಯಾವ ಮಾತ್ರೆ ನುಂಗಿದ್ದಾರೆ ಎಂದು ತೋರಿಸಲು ಮಾತ್ರೆಯ ಖಾಲಿ ಪಟ್ಟಿಗಳನ್ನು (ಸ್ಟ್ರಿಪ್) ಜೊತೆಗೇ ಕೊಂಡೊಯ್ಯಿರಿ.

ತಲೆಸುತ್ತು ಸಣ್ಣ ವಿಷಯ ಅನ್ನಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ಸಣ್ಣದಲ್ಲ. ಎಷ್ಟೋ ಮನೆಗಳಲ್ಲಿ ಬಚ್ಚಲು, ಪಾಯಿಖಾನೆ ಹೊರಗಿವೆ, ಅಂಗಳದ ಕಲ್ಲು ಪಾಚಿಗಟ್ಟಿರುತ್ತದೆ. ರಾತ್ರಿ ಮಾತ್ರೆ ನುಂಗಿ ಎರಡು ಮೂರು ತಾಸಿಗೆ ಮದ್ದು ರಕ್ತದಲ್ಲಿ ಅತಿ ಹೆಚ್ಚಿರುತ್ತದೆ, ಸರಿಯಾಗಿ ಆಗಲೇ ಮೂತ್ರಕ್ಕೆ ಎದ್ದರೆ ಬೀಳುತ್ತಾರೆ. ಬಿದ್ದರೆ ಮೂಳೆ ಮುರಿಯುವುದು ಒಂದು, ಹೊಸ ಕಸಿ ಚರ್ಮ ಉಜ್ಜಿ ಕಿತ್ತುಬರುವುದು ಇನ್ನೊಂದು. ಮೊದಲ ವಾರ ಮತ್ತು ಡೋಸು ಏರಿಸಿದ ದಿನಗಳಲ್ಲಿ ಹಾಸಿಗೆ ಪಕ್ಕದಲ್ಲೇ ಮೂತ್ರದ ಪಾತ್ರೆ ಇಡಿ, ಒಬ್ಬರು ಜೊತೆಗೆ ಮಲಗಿ. ಬೈಕು, ಟಿಲ್ಲರ್ ಬೇಡವೇ ಬೇಡ. 65 ದಾಟಿದವರಲ್ಲಿ ಆಪರೇಷನ್ ನಂತರ ಗ್ಯಾಬಾಪೆಂಟಿನ್ ಪಡೆದವರಿಗೆ ಮತಿಭ್ರಮೆ ಹೆಚ್ಚು ಕಂಡುಬಂದದ್ದು 2022ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ವರದಿಯಾಗಿದೆ. ರಾತ್ರಿ ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಲು ತೊಡಗಿದರೆ 'ವಯಸ್ಸಾಯ್ತು' ಎಂದು ಬಿಡದೆ ಡಾಕ್ಟರಿಗೆ ತಿಳಿಸಿ.

ಪಾದ ಊದುವುದು ಇನ್ನೊಂದು ಅಡ್ಡಪರಿಣಾಮ. ಕಾಲಿಗೆ ಕಸಿ ಆದವರಲ್ಲಿ ಅದು ಕಸಿಗೇ ಕೆಟ್ಟದ್ದು, ಕಾಲು ಎತ್ತರಿಸಿಟ್ಟರೂ ಇಳಿಯದಿದ್ದರೆ ಡೋಸು ಕಡಿಮೆ ಮಾಡಬೇಕಾಗುತ್ತದೆ. ಮಲಬದ್ಧತೆ ಟ್ರಾಮಡಾಲ್ ಜೊತೆ ಸೇರಿ ದುಪ್ಪಟ್ಟಾಗುತ್ತದೆ, ನೀರು ಮತ್ತು ಹಣ್ಣನ್ನು ಹೆಚ್ಚಿಸಿ. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಮಾತಾಡಿದರೆ ಅದನ್ನೂ ಮುಚ್ಚಿಡಬೇಡಿ. ಫಿಟ್ಸ್ ಮದ್ದುಗಳೆಲ್ಲಕ್ಕೂ ಈ ಎಚ್ಚರಿಕೆ 2008ರಿಂದಲೇ ಇದೆ, ಸುಟ್ಟವರ ಮನಸ್ಸು ಮೊದಲೇ ನೊಂದಿರುತ್ತದೆ.

ಡ್ರೆಸಿಂಗ್ ದಿನದ ವಿಚಾರ. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವವರು ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಮಾತ್ರೆಗಳನ್ನೆಲ್ಲ ನುಂಗಿಬಿಡುತ್ತಾರೆ. ಡ್ರೆಸಿಂಗ್ ಕೋಣೆಯಲ್ಲಿ ಸರದಿ ಬರುವ ಹೊತ್ತಿಗೆ ಪ್ಯಾರಾಸಿಟಮಾಲ್ ಇಳಿದುಹೋಗಿರುತ್ತದೆ. ನೋವಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಸರದಿಗೆ ಸುಮಾರು ಒಂದು ತಾಸು ಮುಂಚೆ ನುಂಗಿ. 50 ಕೆ.ಜಿ. ಮೇಲ್ಪಟ್ಟವರಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ 1 ಗ್ರಾಂ, ದಿನಕ್ಕೆ 4 ಗ್ರಾಂ ಮೀರಬಾರದು. ಅದಕ್ಕಿಂತ ತೂಕ ಕಡಿಮೆಯಿದ್ದರೆ ಕೆ.ಜಿ.ಗೆ 15 ಮಿ.ಗ್ರಾಂ. ಗ್ಯಾಬಾಪೆಂಟಿನ್ ಅನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ, ಡ್ರೆಸಿಂಗ್‌ಗೆಂದು ಹೆಚ್ಚುವರಿ ಬೇಡ. ಅಂಟಿದ ಬ್ಯಾಂಡೇಜನ್ನು ಸಲೈನ್ ಸುರಿದು ಚೆನ್ನಾಗಿ ನೆನೆಯಲು ಬಿಟ್ಟು ಬಿಚ್ಚಿದರೆ ಅರ್ಧ ನೋವು ಅಲ್ಲೇ ತಪ್ಪುತ್ತದೆ. ಅಷ್ಟಾದರೂ ತಡೆಯಲಾಗದಿದ್ದರೆ ಕೆಟಮಿನ್‌ನಂಥ ಇಂಜೆಕ್ಷನ್ ಕೊಟ್ಟು ಡ್ರೆಸಿಂಗ್ ಮಾಡುವ ವ್ಯವಸ್ಥೆ ಬಗ್ಗೆ ಕೇಳಿ. ನೋವು ಹಲ್ಲುಕಚ್ಚಿ ಸಹಿಸಬೇಕಾದ್ದಲ್ಲ.

ಇಳಿಯುತ್ತಿದ್ದ ನೋವು ಒಮ್ಮೆಲೇ ಏರಿದರೆ ಮಾತ್ರೆ ಹೆಚ್ಚಿಸುವ ಮುನ್ನ ಗಾಯ ತೋರಿಸಿ. ಕೀವು, ವಾಸನೆ, ಜ್ವರ, ಸುತ್ತಲ ಚರ್ಮ ಕೆಂಪಾಗಿ ಬಿಸಿಯಾಗುವುದು ಸೋಂಕಿನ ಗುರುತು. ಬ್ಯಾಂಡೇಜ್ ಬಿಗಿಯಾಗಿದ್ದರೆ ಬೆರಳು ತಣ್ಣಗಾಗಿ, ಬೆಳ್ಳಗೆ ಅಥವಾ ನೀಲಿಯಾಗಿ, ಜೋಮು ಹಿಡಿಯುತ್ತದೆ. ಆ ಜೋಮನ್ನು ನರದ ನೋವು ಎಂದುಕೊಂಡು ಗ್ಯಾಬಾಪೆಂಟಿನ್ ಏರಿಸಿದರೆ ಬೆರಳೇ ಹೋಗಬಹುದು.

ಗಾಯ ಮುಚ್ಚುತ್ತ ಬಂದಂತೆ ತುರಿಕೆ ಶುರುವಾಗುತ್ತದೆ. ನಿದ್ದೆಯಲ್ಲಿ ಕೆರೆದು ಹೊಸ ಚರ್ಮ ಕಿತ್ತುಕೊಳ್ಳುವವರಿದ್ದಾರೆ. ಸುಟ್ಟಗಾಯದ ತುರಿಕೆಯಲ್ಲಿ ಅಲರ್ಜಿ ತರುವ ಹಿಸ್ಟಮಿನ್ ಎಂಬ ರಾಸಾಯನಿಕದ ಪಾಲು ಸ್ವಲ್ಪ, ನರದ ಪಾಲು ಬಹಳ. ಹಾಗಾಗಿ ಹಿಸ್ಟಮಿನ್ ತಡೆಯುವ ಅಲರ್ಜಿ ಮಾತ್ರೆ ಸೆಟ್ರಿಜಿನ್ ಒಂದರಿಂದಲೇ ಹಲವರಿಗೆ ಪೂರ್ತಿ ನಿಲ್ಲುವುದಿಲ್ಲ. ಗ್ಯಾಬಾಪೆಂಟಿನ್ ಸೆಟ್ರಿಜಿನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ದೇಶದಲ್ಲೇ ಮಾಡಿದ, 2011ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿದೆ. ಮಾತ್ರೆಯ ಜೊತೆ, ಪೂರ್ತಿ ಮುಚ್ಚಿದ ಚರ್ಮಕ್ಕೆ ಮಾತ್ರ, ದಿನಕ್ಕೆ ಮೂರು ನಾಲ್ಕು ಸಲ ತೆಂಗಿನೆಣ್ಣೆ ಅಥವಾ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ ಮೆಲ್ಲಗೆ ತಿಕ್ಕಬೇಕು, ಏಕೆಂದರೆ ಕಸಿ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳಿರುವುದಿಲ್ಲ, ಒಣಗಿದರೆ ತುರಿಕೆ ಹೆಚ್ಚುತ್ತದೆ. ಉಗುರು ಕತ್ತರಿಸಿ. ಬಚ್ಚಲ ಹಂಡೆಯ ಸುಡುನೀರಿನ ಸ್ನಾನ ಬಿಟ್ಟು ಉಗುರುಬೆಚ್ಚಗಿನ ನೀರು ಬಳಸಿ.

ಮಕ್ಕಳಿಗೆ ಡೋಸು ತೂಕದ ಮೇಲೆ, ಸಾಮಾನ್ಯವಾಗಿ ಕೆ.ಜಿ.ಗೆ 5 ಮಿ.ಗ್ರಾಂ. ರಾತ್ರಿಯಿಂದ ಶುರು. ದೊಡ್ಡವರ ಕ್ಯಾಪ್ಸೂಲ್ ಬಿಚ್ಚಿ ಅಂದಾಜಿಗೆ ಅರ್ಧ ಪುಡಿ ಕೊಡುವುದನ್ನು ಖಂಡಿತ ಮಾಡಬೇಡಿ. 3ರಿಂದ 12 ವರ್ಷದ ಮಕ್ಕಳಲ್ಲಿ ಈ ಮದ್ದು ಸಿಟ್ಟು, ಹಟ, ಚಂಚಲತೆ ತರಬಹುದು. ಮಗು ಹಾಗಾದರೆ ಬೈಯದೆ ಡಾಕ್ಟರಿಗೆ ಹೇಳಿ.

ನಿಲ್ಲಿಸುವುದು ಹೇಗೆ ಎಂಬುದನ್ನು ಶುರುಮಾಡುವ ದಿನವೇ ಕೇಳಿಟ್ಟುಕೊಳ್ಳಿ. ಸಾಕಷ್ಟು ಡೋಸಿನಲ್ಲಿ ಕೆಲವು ವಾರ ನೋಡಿಯೂ ಏನೂ ಬದಲಾವಣೆ ಇಲ್ಲದಿದ್ದರೆ ಮುಂದುವರಿಸಲು ಕಾರಣವಿಲ್ಲ. ಉಪಯೋಗವಾಗಿದ್ದರೂ ನಡುನಡುವೆ ಇಳಿಸಿ ನೋಡಬೇಕು. ಒಮ್ಮೆಲೇ ಬಿಟ್ಟರೆ ಬೆವರು, ಗಾಬರಿ, ನಿದ್ರಾಹೀನತೆ, ವಾಕರಿಕೆ ಬರುತ್ತವೆ, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ಕನಿಷ್ಠ ಒಂದು ವಾರ ಹಿಡಿದು ಇಳಿಸಬೇಕು, ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ಇನ್ನೂ ನಿಧಾನ. ದಿನಕ್ಕೆ 900 ಇದ್ದರೆ, ನಾಲ್ಕೈದು ದಿನ ಮಧ್ಯಾಹ್ನದ್ದು ಬಿಟ್ಟು 600, ಮತ್ತೆ ನಾಲ್ಕೈದು ದಿನ ರಾತ್ರಿಯ 300 ಮಾತ್ರ, ಆಮೇಲೆ ನಿಲುಗಡೆ. ಇಳಿಸುವಾಗ ಉರಿ ಮರಳಿದರೆ ಹಿಂದಿನ ಮೆಟ್ಟಿಲಿಗೆ ಹೋಗಿ ಡಾಕ್ಟರನ್ನು ಕೇಳಿ.

ಇಲ್ಲಿ ಕೊಳ್ಳುವಾಗ ಒಂದು ತೊಡಕಿದೆ. ನಮ್ಮ ಮಾರುಕಟ್ಟೆಯಲ್ಲಿ ಒಂಟಿ ಗ್ಯಾಬಾಪೆಂಟಿನ್ ಅಲ್ಲದೆ, ಅದಕ್ಕೆ ಮೀಥೈಲ್‌ಕೋಬಾಲಮಿನ್ (ಬಿ12 ವಿಟಮಿನ್) ಅಥವಾ ನಾರ್ಟ್ರಿಪ್ಟಿಲಿನ್ (ಖಿನ್ನತೆಗೂ ಕೊಡುವ ಮದ್ದು) ಬೆರೆಸಿದ ಮಾತ್ರೆಗಳೂ ಹೇರಳವಾಗಿವೆ. ಹೆಸರು ಒಂದೇ, ಕೊನೆಗೆ ಎಂ ಅಥವಾ ಎನ್‌ಟಿ ಎಂಬ ಅಕ್ಷರ ಮಾತ್ರ ವ್ಯತ್ಯಾಸ. ಎನ್‌ಟಿ ಇದ್ದರೆ ಒಳಗೆ ನಾರ್ಟ್ರಿಪ್ಟಿಲಿನ್ ಇದೆ: ಬಾಯಿ ಒಣಗುತ್ತದೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರ ಕಟ್ಟಬಹುದು, ಹೃದಯದ ತೊಂದರೆ ಇರುವವರಿಗೆ ಹೊಂದುವುದಿಲ್ಲ, ಟ್ರಾಮಡಾಲ್ ಜೊತೆ ಸೇರಿದರೆ ಫಿಟ್ಸ್ ಅಪಾಯ ಏರುತ್ತದೆ. ಇಂಥ ಮಾತ್ರೆಯನ್ನು ಮೂರು ಹೊತ್ತು ಕೊಡಲೂ ಆಗದು, ಒಂದನ್ನು ಬಿಟ್ಟು ಇನ್ನೊಂದನ್ನು ಇಳಿಸಲೂ ಆಗದು. ಚೀಟಿಯಲ್ಲಿ ಬರೀ ಗ್ಯಾಬಾಪೆಂಟಿನ್ 300 ಎಂದಿದ್ದರೆ ಅದನ್ನೇ ಕೇಳಿ ಪಡೆಯಿರಿ, ಮಾತ್ರೆ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿ ಎಷ್ಟು ಔಷಧಿಗಳ ಹೆಸರಿದೆ ಎಂದು ಅಂಗಡಿಯಲ್ಲೇ ಓದಿ. ಜನೌಷಧಿ ಕೇಂದ್ರದಲ್ಲಿ ಒಂಟಿ ಮದ್ದು ಸಿಕ್ಕರೆ ಹಣವೂ ಉಳಿಯುತ್ತದೆ.